ತನ್ನವನನ್ನು ಹಿಡಿ

ಹೆಬ್ಬಗೋಡಿ
18 ಫೆಬ್ರವರಿ 2024

ಬೂದಿಹಾಳದ ಸಿದ್ದಕ್ಕಮ್ಮನವರಿಗೆ ನಮಸ್ಕಾರ.

ನಾನು ಯಾರೆಂದು ನಿಮಗೆ ಗೊತ್ತಿಲ್ಲ. ನನ್ನ ಹೆಸರು ಭುವನೇಶ್ವರಿ. ಇಲ್ಲಿ ಮುನಿಯಕ್ಕನವರ ಮೆಸ್ಸಿನಲ್ಲಿ ರೊಟ್ಟಿ ಬಡಿಯುತ್ತೇನೆ. ನಿಮ್ಮ ಮಗ ಯಮನೂರ ಬೆಂಗಳೂರಿಗೆ ಬಂದಾಗಿನಿಂದ ನಮ್ಮಲ್ಲೇ ಉಂಡವನು. ನಾನು ಓದಿದ್ದು ಐದನೇ ಕ್ಲಾಸು, ತಪ್ಪಿದ್ದರೆ ಮನ್ನಿಸಿ. ನಿಮ್ಮ ಪಕ್ಕದ ಮನೆಯ ಫೋನಿಗೆ ಮಾಡಿದರೆ ಓಣಿಯೆಲ್ಲ ಕೂಡುತ್ತದೆ ಎಂದು ಯಮನೂರನೇ ಹೇಳುತ್ತಿದ್ದ. ಅದಕ್ಕೆ ಕಾಗದ.

ಇಲ್ಲಿ ಕ್ಷೇಮ, ಅಲ್ಲಿ ಕ್ಷೇಮವೇ ಎಂದು ಬರೆಯಲು ಕೈ ಬರಲಿಲ್ಲ.

ಅವನ ದೇಹದ ಜೊತೆ ಊರಿಗೆ ಬಂದವರು ನಿಮಗೆ ಒಂದು ಮಾತು ಹೇಳಿದ್ದಾರಂತೆ. ಗೆಳೆಯ ಸಿದ್ರಾಮ ಹಿಡಿದುಕೊಟ್ಟ, ಮರೆಪ್ಪ ಮೇಸ್ತ್ರಿ ಚುಚ್ಚಿದ ಎಂದು. ಪೊಲೀಸರೂ ಹಾಗೇ ಬರೆದುಕೊಂಡು ಇಬ್ಬರನ್ನೂ ಪರಪ್ಪನ ಅಗ್ರಹಾರದ ಜೈಲಿಗೆ ಹಾಕಿದ್ದಾರೆ. ಅಮ್ಮಾ, ಅದು ಹಾಗಲ್ಲ. ನಾನು ಅಲ್ಲಿದ್ದೆ.

ಇಲ್ಲಿ ಕಟ್ಟಡಕ್ಕೆ ಸೂರು ಹಾಕುವುದಕ್ಕೆ ಮೋಲ್ಡ್ ಎನ್ನುತ್ತಾರೆ. ಹಲಗೆ ಹೊಡೆದು ಅಟ್ಟಣೆ ಕಟ್ಟುವ ಸೆಂಟ್ರಿಂಗ್‌ನವರು ಒಂದು ಗುಂಪು, ಅದರ ಮೇಲೆ ಕಂಬಿ ಕಟ್ಟುವವರು ಇನ್ನೊಂದು ಗುಂಪು. ಮರೆಪ್ಪ ಸೆಂಟ್ರಿಂಗ್ ಮೇಸ್ತ್ರಿ. ಯಮನೂರ, ಸಿದ್ರಾಮ ಕಂಬಿಯವರು. ಹಲಗೆ ತಡ ಮಾಡಿದರೆಂದು ಇವರು, ಕಂಬಿ ಎಳೆದು ಹಲಗೆ ಕೆಡಿಸಿದರೆಂದು ಅವರು, ಜಗಳ ಇದ್ದೇ ಇತ್ತು. ಮೋಲ್ಡ್ ಹಾಕಿದ ದಿನ ಮಾಲೀಕರು ಎಲ್ಲರಿಗೂ ಬಾಡೂಟ ಹಾಕಿಸುವುದು ಇಲ್ಲಿನ ಪದ್ಧತಿ. ಅವತ್ತಿನ ಅಡುಗೆ ಮುನಿಯಕ್ಕನವರದು. ನಾನು ಬಡಿಸುತ್ತಿದ್ದೆ.

ಮರೆಪ್ಪ ಕುಡಿದಿದ್ದ. ಸಿದ್ರಾಮನ ಎಲೆಯ ಮುಂದೆ ಬಂದು ನಿಂತು, "ಏಯ್ ಕಂಬಿ, ಏಳಲೇ ಮ್ಯಾಲೆ. ನಿಂದೊಂದು ನಂದೊಂದು ಇವತ್ತ ಆಗೇ ಹೋಗ್ಲಿ" ಎಂದ. ಸಿದ್ರಾಮ ಏಳಲಿಲ್ಲ. "ಅಣ್ಣಾ, ಇವತ್ತ ಬ್ಯಾಡ. ನಿನ್ನ ಮ್ಯಾಲ ನನಗ ಸಿಟ್ಟಿಲ್ಲ. ಕುಂದ್ರು, ಉಣ್ಣು" ಎಂದ. ಮರೆಪ್ಪ ಎಲೆಯನ್ನು ಕಾಲಿನಿಂದ ಒದ್ದ. ಸಿದ್ರಾಮ ಚೆಲ್ಲಿದ ಅನ್ನವನ್ನು ಸುಮ್ಮನೆ ಎಲೆಗೆ ಬಳಿದುಕೊಂಡ.

ಅದನ್ನು ನಿಮ್ಮ ಮಗನಿಗೆ ನೋಡಲಾಗಲಿಲ್ಲ. "ಏನಲೇ ಸಿದ್ಯಾ, ಕಂಬಿ ಬಗ್ಗಸಾಂವನ ಬೆನ್ನೇ ಬಗ್ಗಿತಲ್ಲೋ!" ಎಂದು ಎದ್ದ. ಮರೆಪ್ಪನ ಕಡೆ ತಿರುಗಿ, "ಮೇಸ್ತ್ರಿ, ನೀ ಹೊಡದ ಹಲಗ್ಯಾಗ ಮೊಳಿನೇ ನಿಂದ್ರಂಗಿಲ್ಲ. ನಿನ್ನ ಮುಂದ ಮನಷ್ಯಾ ಯಾಕ ನಿಂದರ್ತಾನ?" ಎಂದ. ಎಲ್ಲರೂ ನಕ್ಕರು. ಇಬ್ಬರೂ ಕೈ ಕೈ ಮಿಲಾಯಿಸಿದರು. ಆಗ ಸಿದ್ರಾಮ ಓಡಿಬಂದು ಯಮನೂರನನ್ನು ಹಿಂದಿನಿಂದ ತೆಕ್ಕೆ ಹಾಕಿ ಹಿಡಿದ. ಜಗಳ ಬಿಡಿಸಲಿಕ್ಕೆ ಹಿಡಿದ, ಅಮ್ಮಾ. ಮರೆಪ್ಪನ ಸೊಂಟದಲ್ಲಿ ಉಳಿ ಇತ್ತು.

ಇದಕ್ಕಿಂತ ಹೆಚ್ಚು ಬರೆಯಲಾರೆ. ನಿಮ್ಮ ಬಾಯಲ್ಲಿ ಸಿದ್ರಾಮನಿಗೆ ಶಾಪ ಬರಬಾರದು ಎಂದು ಇಷ್ಟು ಬರೆದೆ.

ಇಂತಿ,
ಮೆಸ್ಸಿನ ಭುವನೇಶ್ವರಿ


ಬೂದಿಹಾಳ
6 ಮಾರ್ಚ್ 2024

ಭುವನೇಶ್ವರಿಗೆ,

ನಿನ್ನ ಕಾಗದ ಬಂತು. ನಾನು ನಾಲ್ಕನೆಯ ಇಯತ್ತೆಯವರೆಗೆ ಓದಿದವಳು. ದಿನಕ್ಕಿಷ್ಟು ಓದಿದೆ. ಎಲೆ ಒದ್ದ ಕಡೆ ಎರಡು ದಿನ ನಿಂತೆ.

ಸಿದ್ರಾಮ ನನ್ನ ಕೈಯಲ್ಲಿ ಉಂಡು ಬೆಳೆದವನು. ಅವನ ತಾಯಿ ಸತ್ತಾಗ ಅವನಿನ್ನೂ ಅಂಬೆಗಾಲಿಡುತ್ತಿದ್ದ. ನನ್ನ ಮಗನೂ ಅವನೂ ಒಂದೇ ತಾಟಿನಲ್ಲಿ ಉಂಡರು. ಬೆಂಗಳೂರಿಗೆ ಹೊರಟಾಗ ಶಹಾಪುರದ ಬಸ್‌ಸ್ಟ್ಯಾಂಡಿನಲ್ಲಿ ಸಿದ್ರಾಮನ ಕೈ ಹಿಡಿದು ಹೇಳಿದ್ದೆ: "ಇವಗ ಸಿಟ್ಟು ಮೂಗಿನ ತುದೀಗೆ ಅದ. ಜಗಳ ಬಂದ್ರ ಹಿಡ್ಕೋ ಯಪ್ಪಾ. ಬಿಡಬ್ಯಾಡ." ಯಮನೂರ ನಕ್ಕು, "ಯವ್ವಾ, ನಾ ಏನ್ ಹೋರಿ ಏನ?" ಎಂದ.

ನಮ್ಮ ಕಡೆಯ ರೀತಿ ನಿನಗೆ ಗೊತ್ತಿರಬಹುದು. ಜಗಳ ಬಿಡಿಸುವವನು ಎದುರಿನವನ ಮೈ ಮುಟ್ಟಬಾರದು. ಮುಟ್ಟಿದರೆ ಅವನೂ ಜಗಳಕ್ಕೆ ಇಳಿದ ಹಾಗೆ. ತನ್ನವನನ್ನು ಹಿಂದಿನಿಂದ ತೆಕ್ಕೆ ಹಾಕಿ ಹಿಡಿಯಬೇಕು. ತೆಕ್ಕೆಯಲ್ಲಿ ಇರುವವನ ಮೇಲೆ ಎದುರಿನವನು ಕೈ ಎತ್ತಬಾರದು. ಎತ್ತಿದರೆ ಅವನ ಮನೆಯ ನೀರು ಯಾರೂ ಕುಡಿಯುವುದಿಲ್ಲ. ಇದನ್ನು ಇಬ್ಬರಿಗೂ ನಾನೇ ಕಲಿಸಿದ್ದು.

ಮರೆಪ್ಪ ಸುರಪುರದ ಕಡೆಯವನಂತೆ. ಅವನಿಗೆ ಈ ರೀತಿ ಗೊತ್ತಿಲ್ಲವೇ? ಗೊತ್ತಿದ್ದೂ ಚುಚ್ಚಿದ ಎಂದರೆ, ಹಿಡಿದದ್ದು ಬಿಡಿಸಲಿಕ್ಕೋ ಕೊಡಲಿಕ್ಕೋ ಎಂದು ಊರವರು ಕೇಳುತ್ತಾರೆ. ನಾನು ಏನೆಂದು ಹೇಳಲಿ?

ಎರಡು ಮಾತು ಕೇಳುತ್ತೇನೆ. ಒಂದು, ನನ್ನ ಮಗ ಕೊನೆಗೆ ಏನೆಂದ? ಎರಡು, ನೀನು ಅವನಿಗೆ ಏನಾಗಬೇಕು? ಬರಿ ಬಡಿಸಿದವಳು ಇಷ್ಟು ಬರೆಯುವುದಿಲ್ಲ.

ಸಿದ್ದಕ್ಕ


ಹೆಬ್ಬಗೋಡಿ
14 ಮಾರ್ಚ್ 2024

ನಿಮಗೆ,

ಅರಿಶಿನ ಕೊಂಬು ಕಟ್ಟಿಸಿಕೊಂಡ ಮೇಲೆ ಗಂಡನ ಹೆಸರು ಹೇಳಬಾರದು ಎಂದು ಮುನಿಯಕ್ಕ ಹೇಳಿದ್ದಾರೆ. ಹಾಗಾಗಿ ನಿಮಗೆ ಎಂದಷ್ಟೇ ಬರೆದಿದ್ದೇನೆ. ಜೈಲಿನವರು ಕಾಗದ ಒಡೆದು ಓದುತ್ತಾರಂತೆ. ಓದಲಿ. ಅವರು ಇಂಥವು ಎಷ್ಟೋ ಓದಿರುತ್ತಾರೆ.

ಆ ಬೆಳಿಗ್ಗೆಯನ್ನೇ ನೆನೆಯುತ್ತೇನೆ. ಕೆರೆ ದಂಡೆಯ ಮುನೇಶ್ವರನ ಕಲ್ಲಿನ ಮುಂದೆ ನೀವು, ನಾನು, ಮುನಿಯಕ್ಕ. ಕೊಂಬಿಗೆ ದಾರ ಸುತ್ತುವಾಗ ಗಂಟು ಎರಡು ಸಲ ಜಾರಿತು. "ಕಂಬಿ ಕಟ್ಟಕ್ಕೆ ಬತ್ತದೆ, ದಾರ ಕಟ್ಟಕ್ಕೆ ಬರಾಕಿಲ್ವಾ ನಿಂಗೆ?" ಎಂದು ಮುನಿಯಕ್ಕ ಬೈದರು. ಬೆಲ್ಲ ತಿನ್ನಿಸಿ, "ಇವತ್ತು ಮೋಲ್ಡ್ ಊಟ ಐತೆ, ಯಾರ್ ತಲೇನೂ ನೆಟ್ಟಗಿರಾಕಿಲ್ಲ. ನಾಳೆ ನಾನೇ ನಿಮ್ಮಣ್ಣಂಗೆ ಏಳ್ತೀನಿ ಕಣಮ್ಮಿ. ನೀವಿಬ್ರೂ ಬಾಯಿ ಬಿಡಬ್ಯಾಡಿ" ಎಂದರು. ನಮ್ಮ ಕೇರಿ ಬೇರೆ, ನಿಮ್ಮ ಕೇರಿ ಬೇರೆ. ಆದರೂ ಮುನಿಯಕ್ಕನ ಮಾತಿಗೆ ಅಣ್ಣ ಎದುರಾಡುವುದಿಲ್ಲ ಎಂದು ನಾನು ನಂಬಿದ್ದೆ. ಒಂದು ದಿನ ತಾನೇ ಎಂದುಕೊಂಡೆವು.

ಯಮನೂರನ ತಾಯಿಗೆ ಕಾಗದ ಬರೆದೆ. ಅವರಿಂದ ಉತ್ತರವೂ ಬಂತು. ನಾನು ಮರೆಪ್ಪನ ತಂಗಿ ಎಂದು ಬರೆದಿಲ್ಲ. ನಿಮ್ಮ ಹೆಂಡತಿ ಎಂದೂ ಬರೆದಿಲ್ಲ. ಅಣ್ಣ ನಿಮ್ಮ ಮೇಲೆ ಬಂದದ್ದು ನನ್ನ ಸಲುವಾಗಿ ಎಂಬುದನ್ನೂ ಬಿಟ್ಟಿದ್ದೇನೆ.

ಸರ್ಕಾರ ಕೊಟ್ಟ ವಕೀಲರು ಶ್ರೀರಂಜನಿ ಮೇಡಂ ಮೆಸ್ಸಿಗೆ ಬಂದಿದ್ದರು. ನಾನು ಸಾಕ್ಷಿ ಹೇಳುತ್ತೇನೆ ಎಂದೆ. "ನೀನು ಒಬ್ಬನ ತಂಗಿ, ಇನ್ನೊಬ್ಬನ ಹೆಂಡ್ತಿ. ನಿನ್ನ ಮಾತಿಗೆ ತೂಕ ಇಲ್ಲಮ್ಮ. ಅದೂ ಅಲ್ಲದೆ, ಈ ಮದುವೆ ವಿಷಯ ಹೊರಗೆ ಬಂದ್ರೆ ಭಾವ-ಮೈದುನ ಸೇರಿ ಕೊಂದ್ರು ಅಂತಾರೆ. ಬಾಯಿ ಮುಚ್ಕೊಂಡಿರು" ಎಂದರು. ಸೈಟಿನ ಇಂಜಿನಿಯರ್ ಪ್ರಸನ್ನ ಸಾರ್, ಒಬ್ಬ ಹಿಡಿದ ಒಬ್ಬ ಚುಚ್ಚಿದ ಎಂದು ಹೇಳಿಕೆ ಕೊಟ್ಟಿದ್ದಾರೆ. ಅವರು ಮೈಸೂರಿನವರು, ನಮ್ಮ ಕಡೆಯ ಈ ರೀತಿ ಅವರಿಗೇನು ಗೊತ್ತು? ಅಣ್ಣನೂ ಹಾಗೇ ಹೇಳಿದ್ದಾನೆ. ಅತ್ತಿಗೆ ಮಹಾಂತಮ್ಮ ಹೇಳಿಸಿದ್ದು. ಪಾಪ ಇಬ್ಬರ ಮೇಲೆ ಹಂಚಿದರೆ ಹಗುರ ಎಂದು ಅವಳ ಲೆಕ್ಕ.

ಸತ್ತವನ ತಾಯಿಯೇ ಬಂದು, ಹಿಡಿದುಕೋ ಎಂದವಳು ನಾನೇ ಎಂದು ಜಡ್ಜರ ಮುಂದೆ ಹೇಳಿದರೆ ಜಾಮೀನು ಸಿಗಬಹುದು ಎಂದು ಮೇಡಂ ಹೇಳುತ್ತಾರೆ. ಆ ತಾಯಿ ಅದನ್ನು ಕಾಗದದಲ್ಲಿ ತಾವಾಗಿಯೇ ಬರೆದಿದ್ದಾರೆ. ಬರುತ್ತೀರಾ ಎಂದು ಕೇಳಲೇ?

ಮಗ ಕೊನೆಗೆ ಏನೆಂದ ಎಂದು ಕೇಳಿದ್ದಾರೆ. ನಾನು ದೂರದಲ್ಲಿ ಸಾರಿನ ಪಾತ್ರೆಯ ಹತ್ತಿರ ಇದ್ದೆ, ಕೇಳಿಸಲಿಲ್ಲ. ಏನೆಂದ?

ನಿಮ್ಮ
ಭುವಿ


ಪರಪ್ಪನ ಅಗ್ರಹಾರ
27 ಮಾರ್ಚ್ 2024

ಭುವಿಗೆ,

ನಿನ್ನ ಅಣ್ಣ ಬೇರೆ ಬ್ಯಾರಕ್ಕಿನಲ್ಲಿ ಇದ್ದಾನೆ. ನೀರಿಗೆ ನಿಂತಾಗ ಕಾಣುತ್ತಾನೆ. ನಾನು ಅವನ ಬಾಗಿದ ಕುತ್ತಿಗೆ ನೋಡುತ್ತೇನೆ, ಅವನು ನನ್ನ ಕೈಗಳನ್ನು ನೋಡುತ್ತಾನೆ.

ಅವತ್ತು ಅವನು ಎಲೆ ಒದ್ದಾಗ ನನಗೆ ಸಿಟ್ಟು ಬರಲಿಲ್ಲ. ನೀನು ನಂಬಬೇಕು. ಬಾಯಲ್ಲಿ ಇನ್ನೂ ಬೆಳಗಿನ ಬೆಲ್ಲದ ರುಚಿ ಇತ್ತು. ಇವನು ಇನ್ನು ಮೇಲೆ ನನ್ನ ಹಿರಿಯ, ಇವನ ಕಾಲು ಮುಟ್ಟಬೇಕಾದವನು ನಾನು, ಒದೆಸಿಕೊಂಡರೆ ಏನಾಯಿತು ಎಂದುಕೊಂಡೆ. ಒಳಗೊಳಗೆ ನಗುವೂ ಬರುತ್ತಿತ್ತು. ನಾಳೆ ಗೊತ್ತಾದಾಗ ಇವನ ಮುಖ ಹೇಗಾಗುತ್ತದೆ ಎಂದು.

ಯಮನೂರನಿಗೆ ಆ ನಗು ಕಂಡಿರಬೇಕು. ಹೆದರಿಕೊಂಡು ಹಲ್ಲು ಕಿರಿಯುತ್ತಿದ್ದಾನೆ ಎಂದುಕೊಂಡ. ನನ್ನ ಮಾನ ಉಳಿಸಲು ಎದ್ದ. ಒಂದು ಮಾತು ಅವನ ಕಿವಿಯಲ್ಲಿ ಹಾಕಿದ್ದರೆ ಅವನೇ ನಿನ್ನ ಅಣ್ಣನ ಹೆಗಲ ಮೇಲೆ ಕೈ ಹಾಕಿ, "ಏ ಬೀಗಾ, ಉಪ್ಪಿನಕಾಯಿ ದಾಟಸು" ಎನ್ನುತ್ತಿದ್ದ. ಅಂಥವನು.

ಕೈ ಕೈ ಹತ್ತಿದಾಗ ನನಗೆ ಸಿದ್ದಕ್ಕವ್ವನ ಮಾತೊಂದೇ ನೆನಪಿಗೆ ಬಂತು. ಹಿಡ್ಕೋ, ಬಿಡಬ್ಯಾಡ. ಹಿಂದಿನಿಂದ ಎರಡೂ ತೋಳು ಸೇರಿಸಿ ಹಿಡಿದೆ. ಕಂಬಿ ಹೊತ್ತ ತೋಳು ನನ್ನದು, ಬಿಡಿಸಿಕೊಳ್ಳಲು ಬರುವುದಿಲ್ಲ. ಇನ್ನು ನಿನ್ನ ಅಣ್ಣ ನಿಲ್ಲುತ್ತಾನೆ ಎಂದುಕೊಂಡೆ. ಊರಲ್ಲಾಗಿದ್ದರೆ ನಿಲ್ಲುತ್ತಿದ್ದ. ಅವನ ಹಿಂದೆ ಅವನ ಹುಡುಗರು ನಗುತ್ತಿದ್ದರು.

ಅವನ ಕೈ ಬಂದದ್ದು ಹೋದದ್ದು ನನಗೆ ಕಾಣಲೇ ಇಲ್ಲ. ನನ್ನ ಮುಖ ಯಮನೂರನ ಬೆನ್ನಿನಲ್ಲಿ ಇತ್ತು.

ಅವನು ಕೊನೆಗೆ ಏನೆಂದ ಎಂದು ಕೇಳಿದೆ. "ಬಿಡಲೇ ಸಿದ್ಯಾ" ಎಂದ. ನಾನು ಬಿಡಲಿಲ್ಲ. ಮತ್ತೆ ಜಗಳಕ್ಕೆ ಹೋಗುತ್ತಾನೆ ಎಂದು ಇನ್ನೂ ಬಿಗಿಯಾಗಿ ಹಿಡಿದೆ. "ಬಿಡೋ, ಕುಂದರ್ತೀನಿ" ಎಂದ. ಸಣ್ಣಗೆ ನಕ್ಕ. ಅವನು ಯಾವಾಗಲೂ ಹೀಗೇ ಯಾಮಾರಿಸುತ್ತಿದ್ದ, ಹಾಗಾಗಿ ಆಗಲೂ ಬಿಡಲಿಲ್ಲ. ನನ್ನ ಕೈಗೆ ಬಿಸಿ ತಾಗಿದಾಗ ಸಾರು ಚೆಲ್ಲಿತು ಎಂದುಕೊಂಡೆ.

ಈಗ ಮಲಗುವಾಗ ಕೈಗಳನ್ನು ಮೈ ಕೆಳಗೆ ಹಾಕಿಕೊಂಡು ಮಲಗುತ್ತೇನೆ. ಇಲ್ಲದಿದ್ದರೆ ನಿದ್ದೆಯಲ್ಲಿ ತಾವೇ ಕೂಡಿಕೊಳ್ಳುತ್ತವೆ. ಪಕ್ಕದವನು ಬೈಯುತ್ತಾನೆ.

ಇದನ್ನು ಸಿದ್ದಕ್ಕವ್ವನಿಗೆ ಬರೆಯಬೇಡ. ಅವಳನ್ನು ಕರೆಸುವುದು ನಿನಗೆ ಬಿಟ್ಟದ್ದು. ಅವಳ ಮುಖ ನೋಡುವ ಧೈರ್ಯ ನನಗಿಲ್ಲ, ಹೊರಗೆ ಬರುವ ಆಸೆ ಮಾತ್ರ ಇದೆ.

ಸಿದ್ರಾಮ


ಹೆಬ್ಬಗೋಡಿ
5 ಏಪ್ರಿಲ್ 2024

ಅವ್ವಾ,

ಹೀಗೆ ಕರೆಯಬಹುದೇ?

ನೀವು ಕೇಳಿದ್ದಕ್ಕೆ ಉತ್ತರ ಬರೆಯಲು ತಡವಾಯಿತು. ನಿಮ್ಮ ಮಗ ಕೊನೆಗೆ "ಯವ್ವಾ" ಎಂದ. ಬೇರೆ ಏನೂ ಹೇಳಲಿಲ್ಲ. ಹೆಚ್ಚು ಹೊತ್ತು ನೋಯಲಿಲ್ಲ.

ನಾನು ಅವನಿಗೆ ಏನಾಗಬೇಕು ಎಂದಿರಿ. ದಿನಾ ಬಡಿಸುತ್ತಿದ್ದರೆ ಒಂದು ಋಣ ಬೆಳೆಯುತ್ತದೆ. ಅದಕ್ಕೆ ಹೆಸರಿಡಲು ನನಗೆ ಬರುವುದಿಲ್ಲ. ರೊಟ್ಟಿ ಸೀದು ಹೋದರೆ, "ಇದು ನನಗ ಇರ್ಲಿ, ಒಲಿ ಹತ್ರ ನಿಂತಾಕೀನೇ ಬೇಯ್ತಾಳ, ರೊಟ್ಟಿ ಸುಡಬಾರದೇನ?" ಎನ್ನುತ್ತಿದ್ದ. ಮೆಸ್ಸಿನಲ್ಲಿ ಎಲ್ಲರೂ ತಟ್ಟೆ ಬಿಟ್ಟು ಏಳುತ್ತಾರೆ, ಅವನೊಬ್ಬ ತೊಳೆದಿಟ್ಟು ಹೋಗುತ್ತಿದ್ದ. ಅವನು ಹೋದ ಮೇಲೆ ಮುನಿಯಕ್ಕ ಆ ಮೂಲೆಯಲ್ಲಿ ಯಾರನ್ನೂ ಕೂರಿಸುತ್ತಿಲ್ಲ. "ಆ ಜಾಗ ಕಾಲಿ ಇರ್ಲಿ ಬುಡಮ್ಮಿ" ಎನ್ನುತ್ತಾರೆ.

ಒಂದು ಬೇಡಿಕೆ. ಜೂನ್ ತಿಂಗಳಲ್ಲಿ ಸಿದ್ರಾಮನ ಜಾಮೀನಿನ ಅರ್ಜಿ ಕೋರ್ಟಿಗೆ ಬರುತ್ತದೆ. ಬಸ್‌ಸ್ಟ್ಯಾಂಡಿನಲ್ಲಿ ನೀವು ಅವನಿಗೆ ಹೇಳಿದ ಮಾತನ್ನು ಜಡ್ಜರ ಮುಂದೆ ಹೇಳುತ್ತೀರಾ? ಅಷ್ಟೇ ಸಾಕು. ಅವನಿಗೆ ಯಾರೂ ಇಲ್ಲ. ನಿಮ್ಮ ತಾಟಿನಲ್ಲಿ ಉಂಡವನು.

ನಿಮ್ಮ
ಭುವನೇಶ್ವರಿ


ಬೂದಿಹಾಳ
2 ಮೇ 2024

ಮಗಳೇ,

ಈಗ ತಿಳಿಯಿತು. ನೀನು ನಾಚಿಕೆಯಿಂದ ಬರೆಯದಿದ್ದರೂ ತಿಳಿಯಿತು.

ಹೋದ ವರ್ಷ ಯುಗಾದಿಗೆ ಬಂದಾಗ ಯಮನೂರ ಜಗಲಿಯ ಮೇಲೆ ಕುಳಿತು, "ಯವ್ವಾ, ನಿನಗೊಬ್ಬಾಕಿ ಸೊಸಿ ನೋಡೀನಿ. ಆಕಿ ರೊಟ್ಟಿ ಬಡದ್ರ ಚಂದ್ರಾಮ ಕೆಳಗ ಬಿದ್ದಂಗ ಕಾಣ್ತದ" ಎಂದಿದ್ದ. ಯಾರು, ಯಾವ ಊರು ಎಂದರೆ ಹೇಳಲಿಲ್ಲ. "ಇನ್ನ ಆಕಿಗೇ ಹೇಳಿಲ್ಲ, ನಿನಗ ಹ್ಯಾಂಗ ಹೇಳ್ಲಿ?" ಎಂದು ನಕ್ಕ. ಚೇಷ್ಟೆ ಎಂದು ಬಿಟ್ಟಿದ್ದೆ. ನಿನ್ನ ಕಾಗದದಲ್ಲಿ ಸುಟ್ಟ ರೊಟ್ಟಿಯ ಮಾತು ಓದಿದ ಮೇಲೆ ಎದ್ದು ಹೋಗಿ ದೇವರ ಮುಂದೆ ದೀಪ ಹಚ್ಚಿದೆ. ನನ್ನ ಮಗ ಒಂಟಿಯಾಗಿ ಹೋಗಲಿಲ್ಲ. ಅವನನ್ನು ನೆನೆಯುವವಳು ಒಬ್ಬಳಿದ್ದಾಳೆ.

ಅವನಿಗೆ ನಿನ್ನಲ್ಲಿ ಮನಸ್ಸಿತ್ತು, ನಿನಗೂ ಇತ್ತು. ಅಂಥ ನೀನೇ ಸಿದ್ರಾಮನ ಪರವಾಗಿ ಬೇಡುತ್ತಿದ್ದೀ. ಕೊಂದವನ ಪರವಾಗಿ ಯಾವ ಹೆಣ್ಣು ಬೇಡುತ್ತಾಳೆ? ನನ್ನ ಸಂಶಯ ಹೋಯಿತು. ಬರುತ್ತೇನೆ. ಹೇಳುತ್ತೇನೆ. ಆಮೇಲೆ ನಿನ್ನನ್ನು ಕಣ್ಣಾರೆ ನೋಡುತ್ತೇನೆ.

ನಮ್ಮೂರಿನ ರಾಣಿ ಕೆಲಸಕ್ಕೆಂದು ಆ ಕಡೆ ಬರುತ್ತಿದ್ದಾಳೆ. ಅವಳ ಕೈಯಲ್ಲಿ ಒಂದು ಕೌದಿ ಕಳಿಸಿದ್ದೇನೆ. ಸೊಸೆಗೆಂದು ಹೊಲಿಯುತ್ತಿದ್ದದ್ದು, ಅರ್ಧಕ್ಕೆ ನಿಂತಿತ್ತು. ಈಗ ಮುಗಿಸಿದೆ. ನಡುವೆ ನೀಲಿ ಚೌಕ ಇರುವುದು ಅವನ ಶಾಲೆಯ ಅಂಗಿ. ಅಂಚಿನ ಕಂದು ಪಟ್ಟಿ ಅವನು ಕೊನೆಯ ಸಲ ಬಂದಾಗ ಬಿಟ್ಟು ಹೋದ ಅಂಗಿಯದು, ಒಗೆಯದೆ ಇಟ್ಟಿದ್ದೆ. ಒಗೆಯದೇ ಹೊಲಿದಿದ್ದೇನೆ.

ಹೊದ್ದುಕೋ. ಅಳಬೇಡ.

ನಿನ್ನ ಅವ್ವ
ಸಿದ್ದಕ್ಕ


ಪರಪ್ಪನ ಅಗ್ರಹಾರ
19 ಮೇ 2024

ಭುವಿಗೆ,

ಮುನಿಯಕ್ಕ ನೋಡಲು ಬಂದಾಗ ಕೌದಿಯ ವಿಷಯ ಹೇಳಿದರು. ಸಿದ್ದಕ್ಕವ್ವ ಏನೆಂದು ತಿಳಿದುಕೊಂಡಿದ್ದಾಳೆ ಎಂದೂ ಹೇಳಿದರು. "ಅಂಗೇ ಇದ್ಬುಡ್ಲಿ ಬುಡೋ, ನಿನ್ ತಲೆ ಉಳೀತದೆ" ಎಂದರು.

ಒಂದು ಮಾತು ನಿನಗೂ ಹೇಳಿರಲಿಲ್ಲ. ನಮ್ಮ ಮದುವೆಯನ್ನು ಯಮನೂರನಿಗೆ ಹೇಳದೇ ಇದ್ದದ್ದು ಅವನ ಬಾಯಿ ಹಗುರ ಎಂದಲ್ಲ.

ಅವನು ನನಗೆ ಏನೂ ಹೇಳಿದ್ದಿಲ್ಲ. ಆದರೆ ಸುಟ್ಟ ರೊಟ್ಟಿಯನ್ನು ಅವನು ಹೇಗೆ ತಿನ್ನುತ್ತಿದ್ದ ಎಂದು ನಾನು ಎದುರಿಗೇ ಕುಳಿತು ನೋಡಿದ್ದೇನೆ. ಆದ ಮೇಲೆ ಹೇಳಿದರಾಯಿತು, ಆಗ ಅವನು ನಗಲೇಬೇಕಾಗುತ್ತದೆ ಎಂದುಕೊಂಡಿದ್ದೆ.

ಅವನಿಂದ ಒಂದನ್ನು ಅವನಿಗೆ ಗೊತ್ತಾಗದ ಹಾಗೆ ತೆಗೆದುಕೊಂಡೆ. ಈಗ ಅವನ ತಾಯಿಯಿಂದಲೂ ಹಾಗೆಯೇ ತೆಗೆದುಕೊಳ್ಳಲು ನನ್ನಿಂದ ಆಗುವುದಿಲ್ಲ. ಅವಳಿಗೆ ಬರೆ. ಎಲ್ಲವನ್ನೂ ಬರೆ. ಬಂದರೆ ಬರಲಿ.

ಸಿದ್ರಾಮ


ಹೆಬ್ಬಗೋಡಿ
26 ಮೇ 2024

ಸಿದ್ದಕ್ಕಮ್ಮನವರಿಗೆ,

ಅವ್ವ ಎಂದು ಬರೆದು ಅದರ ಮೇಲೆ ಗೀಟು ಹಾಕಿ ಮತ್ತೆ ಹೊಸ ಹಾಳೆ ತೆಗೆದುಕೊಂಡೆ.

ನಾನು ಮರೆಪ್ಪನ ತಂಗಿ. ಒಡಹುಟ್ಟಿದ ತಂಗಿ. ನಾನು ಸಿದ್ರಾಮನ ಹೆಂಡತಿಯೂ ಹೌದು. ಮೋಲ್ಡ್ ಊಟದ ದಿನ ಬೆಳಿಗ್ಗೆ ಮದುವೆಯಾದೆವು. ಮರುದಿನ ಅಣ್ಣನಿಗೆ ಹೇಳುವುದೆಂದು ಇತ್ತು. ಅಣ್ಣ ಎಲೆ ಒದ್ದದ್ದು ನಾನು ಸಿದ್ರಾಮನ ಹತ್ತಿರ ಮಾತಾಡುತ್ತೇನೆ ಎಂದು ಯಾರೋ ಹೇಳಿದ್ದರಿಂದ. ಸಿದ್ರಾಮ ಏಳದೇ ಇದ್ದದ್ದು ಹೆಂಡತಿಯ ಅಣ್ಣನ ಮೇಲೆ ಕೈ ಮಾಡಬಾರದು ಎಂದು. ಯಮನೂರನಿಗೆ ಇದು ಯಾವುದೂ ಗೊತ್ತಿರಲಿಲ್ಲ. ಗೊತ್ತಿದ್ದರೆ ಎದ್ದೇಳುತ್ತಿರಲಿಲ್ಲ.

ನಿಮ್ಮ ಮಗನ ಮನಸ್ಸಿನಲ್ಲಿ ನಾನಿದ್ದೆನೋ ಇಲ್ಲವೋ ನನಗೆ ಗೊತ್ತಿಲ್ಲ. ಅವನು ಹೇಳಲಿಲ್ಲ. ನಾನು ಅವನ ಕಡೆ ಹಾಗೆ ನೋಡಿದವಳಲ್ಲ. ನೀವು ತಪ್ಪು ತಿಳಿದಾಗ ಸರಿ ಮಾಡಬೇಕಿತ್ತು. ನೀವು ಬರಬೇಕಿತ್ತು, ಅದಕ್ಕೆ ಸುಮ್ಮನಿದ್ದೆ.

ಕೊನೆಯಲ್ಲಿ ಅವನು ಯವ್ವಾ ಎನ್ನಲಿಲ್ಲ. "ಬಿಡಲೇ ಸಿದ್ಯಾ" ಎಂದ. "ಬಿಡೋ, ಕುಂದರ್ತೀನಿ" ಎಂದ. ಜಗಳಕ್ಕೆ ಹೋಗುತ್ತಾನೆ ಎಂದು ಸಿದ್ರಾಮ ಇನ್ನೂ ಬಿಗಿಯಾಗಿ ಹಿಡಿದ. ಅಷ್ಟರಲ್ಲಿ ಉಳಿ ಮೈಗೆ ಇಳಿದಿತ್ತು. ಈಗ ಅವನು ಕೈಗಳನ್ನು ಮೈ ಕೆಳಗೆ ಹಾಕಿಕೊಂಡು ಮಲಗುತ್ತಾನಂತೆ.

ಸಿದ್ರಾಮನ ವಕೀಲ ಮೇಡಂ ಈ ಕಾಗದ ನೋಡಿದ್ದರೆ ಹರಿದು ಹಾಕುತ್ತಿದ್ದರು. ಅವರಿಗೆ ತೋರಿಸಿಲ್ಲ. ಅತ್ತಿಗೆಗೆ ಮದುವೆಯ ಸುದ್ದಿ ನಾನೇ ಹೇಳಿದೆ. "ನಿನ್ನ ಸಲುವಾಗಿ ನನ್ನ ಗಂಡ ಜೈಲಿಗೆ ಹೋದ, ರಂಡೆ" ಎಂದು ಟ್ರಂಕನ್ನು ಬೀದಿಗೆ ಎಸೆದಳು. ಜೈಲಿನಲ್ಲಿರುವ ಅಣ್ಣನ ಕಿವಿಗೆ ಮಾತ್ರ ಹಾಕುವುದಿಲ್ಲವಂತೆ. ಮೆಸ್ಸಿನ ಹಿಂದಿನ ಕೋಣೆಯಲ್ಲಿ ಇದ್ದೇನೆ.

ಕೌದಿಯನ್ನು ಒಂದು ದಿನವೂ ಹೊದೆದಿಲ್ಲ. ಹೇಳಿದರೆ ರಾಣಿಯ ಕೈಯಲ್ಲಿ ವಾಪಸ್ಸು ಕಳಿಸುತ್ತೇನೆ.

ನೀವು ಬರದಿದ್ದರೆ ತಪ್ಪು ತಿಳಿಯುವುದಿಲ್ಲ.

ಭುವನೇಶ್ವರಿ


ಬೂದಿಹಾಳ
3 ಜುಲೈ 2024

ಭುವನೇಶ್ವರಿಗೆ,

ಕೋರ್ಟಿನಲ್ಲಿ ನೀನು ಬಾಗಿಲ ಹತ್ತಿರ ನಿಂತಿದ್ದೆ. ಕೊರಳಲ್ಲಿ ಅರಿಶಿನ ಕೊಂಬನ್ನು ಸೆರಗಿನ ಹೊರಗೆ ಹಾಕಿಕೊಂಡಿದ್ದೆ. ನೋಡಿದೆ. ಮಾತಾಡಿಸಬೇಕು ಎನಿಸಲಿಲ್ಲ. ಚಂದ ಇದ್ದೀ. ನನ್ನ ಮಗನ ಕಣ್ಣು ಸುಳ್ಳಲ್ಲ.

ನಿನ್ನ ಕಾಗದ ಬಂದ ಮೇಲೆ ಬರುವುದಿಲ್ಲ ಎಂದೇ ಕುಳಿತಿದ್ದೆ. ಆಮೇಲೆ ಬಂದೆ. ಆಡಿದ ಮಾತು ಆಡಿಲ್ಲ ಎಂದರೆ ನಾನೂ ನಿಮ್ಮ ಹಾಗೇ ಆಗುತ್ತೇನೆ ಎನಿಸಿತು. ಜಡ್ಜರು, "ಏನಮ್ಮಾ, ಹೇಳಿ" ಎಂದರು. "ಹಿಡ್ಕೋ, ಬಿಡಬ್ಯಾಡ ಅಂತ ನಾನೇ ಹೇಳಿದ್ದೆ ಸಾಹೇಬ್ರ" ಎಂದೆ. ನಿಮ್ಮ ವಕೀಲಮ್ಮನ ಮುಖ ಅರಳಿತು. ಮತ್ತೇನಾದರೂ ಹೇಳುವುದಿದೆಯೇ ಎಂದು ಜಡ್ಜರು ಕೇಳಿದರು. "ಹಿಡಿದಾಂವ ಚುಚ್ಚಿದಾಂವನ ತಂಗಿ ಗಂಡ. ಅವತ್ತ ಮುಂಜಾನೆ ಲಗ್ನ ಆಗ್ಯಾರ" ಎಂದೆ. ಅದೂ ನಿಜವೇ. ಒಂದು ಹೇಳಿ ಒಂದು ಬಿಡಲು ನನಗೆ ಬರುವುದಿಲ್ಲ. ಎಲ್ಲರೂ ಗುಜುಗುಜು ಎಂದರು. ಮರೆಪ್ಪ ತಿರುಗಿ ಸಿದ್ರಾಮನನ್ನು ನೋಡಿದ. ಅವನ ಬಾಯಿ ತೆರೆದೇ ಇತ್ತು. ಅವನಿಗೆ ಆಗಷ್ಟೇ ಗೊತ್ತಾದದ್ದು ಇರಬೇಕು. ಸಿದ್ರಾಮ ತಲೆ ಎತ್ತಲಿಲ್ಲ.

ಜಾಮೀನು ಸಿಗಲಿಲ್ಲ. ಸಿಗದೇ ಇರಲಿ ಎಂದು ಬಂದವಳಲ್ಲ, ಸಿಗಲಿ ಎಂದೂ ಬಂದವಳಲ್ಲ.

ಊರಿಗೆ ಬರುವಾಗ ಬಸ್ಸಿನಲ್ಲಿ ಅದನ್ನೇ ಯೋಚಿಸಿದೆ. ತನ್ನವನನ್ನು ಹಿಡಿಯಬೇಕು ಎಂದು ಕಲಿಸಿದೆ. ಅವತ್ತು ಸಿದ್ರಾಮನಿಗೆ ತನ್ನವರು ಇಬ್ಬರಿದ್ದರು. ಹೆಂಡತಿಯ ಅಣ್ಣ ಬೆಳಿಗ್ಗೆಯಿಂದಲೇ ಅವನ ಮನೆಯವನು. ಆ ತನ್ನವನ ಸೊಂಟದಲ್ಲಿ ಉಳಿ ಇತ್ತು. ನನ್ನ ಮಗ ಬರಿಗೈಯಲ್ಲಿ ಇದ್ದ. ಉಳಿ ಇದ್ದವನನ್ನು ಬಿಟ್ಟು ಬರಿಗೈಯವನನ್ನು ಹಿಡಿದ. ಮರೆಪ್ಪನನ್ನು ತೆಕ್ಕೆ ಹಾಕಿದ್ದರೆ, ನಮ್ಮವನನ್ನು ಯಾಕೆ ಮುಟ್ಟಿದೆ ಎಂದು ಅಷ್ಟೂ ಜನ ಕೇಳುತ್ತಿದ್ದರು. ಇವನೂ ನನ್ನವನೇ ಎಂದು ಹೇಳಬೇಕಾಗುತ್ತಿತ್ತು. ಆ ಒಂದು ಮಾತನ್ನು ಒಂದು ದಿನ ಮುಚ್ಚಿಡಲು ನನ್ನ ಮಗನನ್ನು ಹಿಡಿದ.

ಅವನು ಬೇಕೆಂದು ಮಾಡಲಿಲ್ಲ. ನನಗೆ ಗೊತ್ತು. ಅವನಿಗೆ ತುತ್ತು ಇಟ್ಟು ಬೆಳೆಸಿದವಳು ನಾನು. ಬೇಕೆಂದು ಮಾಡಿದ್ದರೆ ನನಗೆ ಸುಲಭವಾಗುತ್ತಿತ್ತು.

ಬಿಡೋ ಕುಂದರ್ತೀನಿ ಎಂದನಂತೆ. ಸಣ್ಣವನಿದ್ದಾಗ ಆಟದಲ್ಲಿ ಹಾಗೇ ಅನ್ನುತ್ತಿದ್ದ. ಬಿಟ್ಟರೆ ಓಡಿ ಹೋಗುತ್ತಿದ್ದ.

ಕೌದಿ ವಾಪಸ್ಸು ಕಳಿಸುತ್ತೇನೆ ಎಂದೆ. ಬೇಡ. ನೀನೂ ಇಟ್ಟುಕೊಳ್ಳಬೇಡ. ಸಿದ್ರಾಮನಿಗೆ ಕೊಡು. ಕಂದು ಪಟ್ಟಿ ಎದೆಯ ಕಡೆಗೆ ಬರುವ ಹಾಗೆ ಹೊದೆಯಲು ಹೇಳು. ಇನ್ನು ಕೈಗಳನ್ನು ಮೈ ಕೆಳಗೆ ಇಟ್ಟುಕೊಳ್ಳಬೇಕಾಗಿಲ್ಲ. ಹಿಡಿದುಕೊಂಡು ಮಲಗಲಿ. ಬಿಡಬ್ಯಾಡ ಎಂದು ನಾನು ಹೇಳಿದ್ದೆ. ಬಿಡು ಎಂದು ನಾನು ಇನ್ನೂ ಹೇಳಿಲ್ಲ.

ಮತ್ತೆ ಕಾಗದ ಬರೆಯಬೇಡ.

ಯಮನೂರನ ತಾಯಿ
ಸಿದ್ದಕ್ಕ